ಗುಜರಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಅದರ ತೂತುಗಳನ್ನು ಎಣಿಸಿ

ಈ ಬೇಸಿಗೆಯಲ್ಲಿ ತುಮಕೂರಿನ ಶಿರಾ ಗೇಟ್ ಕಡೆಯ ನನ್ನ ಗ್ಯಾರೇಜಿಗೆ ಒಂದು ಎಂಜಿನ್ ಟಾಟಾ ಏಸ್‌ನಲ್ಲಿ ಬಂತು. ಹಳೇ ಟೈರ್ ಮೇಲೆ ಕೂರಿಸಿ, ತೆಂಗಿನ ಹಗ್ಗದಲ್ಲಿ ಬಿಗಿದಿದ್ದರು. ಜೊತೆಗೆ ಬಂದವರು ಗುಬ್ಬಿ ಕಡೆಯ ತೋಟದವರು. ಅವರ ಸ್ವಿಫ್ಟ್ ಡೀಸೆಲ್ ಕ್ಯಾತ್ಸಂದ್ರದ ಹತ್ತಿರ ಓಡುತ್ತಿರುವಾಗಲೇ ಟೈಮಿಂಗ್ ಚೈನ್ ತುಂಡಾಗಿ ನಿಂತಿತ್ತು. ವಾಲ್ವ್ ಪಿಸ್ಟನ್‌ಗೆ ಹೊಡೆದು ಮುರಿದಿತ್ತು. ರಿಪೇರಿಯ ಲೆಕ್ಕ ಕೇಳಿ ಗಾಬರಿಯಾಗಿ, ಬೆಂಗಳೂರಿನ ಒಂದು ಗುಜರಿ ಅಂಗಡಿಯಿಂದ ಅದೇ ಜಾತಿಯ ಹಳೇ ಎಂಜಿನ್ ತಂದಿದ್ದರು. ಅದರಲ್ಲಿ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಚಕ್ರ, ಇರಲಿಲ್ಲ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ನಲ್ಲಿ ಎರಡು ಇರಲಿಲ್ಲ. ಡೈನಮೋ, ಸೆಲ್ಫ್ ಮೋಟರ್, ಗಾಳಿ ಪೈಪುಗಳು ಯಾವುದೂ ಇಲ್ಲ.

"ಅಣ್ಣಾ, ನಮ್ಮ ಹಳೇ ಎಂಜಿನ್‌ನಲ್ಲಿ ಇರೋದನ್ನೆಲ್ಲ ಬಿಚ್ಚಿ ಇದಕ್ಕೆ ಹಾಕಿದ್ರೆ ಆಯ್ತಲ್ವಾ?" ಅಂದರು.

"ಆಗುತ್ತೆ ಯಜಮಾನ್ರೆ. ಆದ್ರೆ ನಾಲ್ಕು ದಿನ ಟೈಮ್ ಕೊಡಿ" ಅಂದೆ.

ಆ ನಾಲ್ಕು ದಿನ ಯಾಕೆ ಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ 1.3 ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ಡಿಸೈರ್, ರಿಟ್ಜ್, ವಿಸ್ಟಾ, ಪುಂಟೊಗಳ ಹಳೇ ಡೀಸೆಲ್ ಮಾದರಿಗಳಲ್ಲೂ ಇದೆ. 1248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ನಿಲ್ಲಿಸಿದ ಮೇಲೆ ಗುಜರಿ ಎಂಜಿನ್ ಹಾಕಿಸುವವರು ಜಾಸ್ತಿ ಆಗಿದ್ದಾರೆ. ಬೇರೆ ಟರ್ಬೊ ಡೀಸೆಲ್‌ಗಳಿಗೂ ಈ ಕ್ರಮ ಹೆಚ್ಚುಕಡಿಮೆ ಹೊಂದುತ್ತದೆ.

ದುಡ್ಡು ಕೊಡುವ ಮುಂಚೆ ಎಂಜಿನ್ ನಂಬರ್ ಓದಿ ನೋಡಿ. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿದ್ದರೆ ಎಷ್ಟೇ ಕಡಿಮೆ ರೇಟಿಗೆ ಕೊಟ್ಟರೂ ಬೇಡ. ನಂಬರ್ ಬರೆದ ಬಿಲ್ ತೆಗೆದುಕೊಳ್ಳಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸಲು ಆರ್‌ಟಿಒ ಕಚೇರಿಗೆ ಹೋಗಲೇಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಆಮೇಲೆ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿ. ಪೂರ್ತಿ ಎರಡು ಸುತ್ತು ಬರಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅಲ್ಲೇ ಬಿಟ್ಟು ಬನ್ನಿ.

ಎಂಜಿನ್ ಮನೆಗೆ ಬಂತು ಅಂದುಕೊಳ್ಳಿ. ಸ್ಪ್ಯಾನರ್ ಮುಟ್ಟುವ ಮುಂಚೆ ಒಂದು ಸೀಮೆಸುಣ್ಣ ತಗೊಳ್ಳಿ. ನಿಮ್ಮ ಹಳೇ ಎಂಜಿನ್ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಎರಡನ್ನೂ ಪಕ್ಕಪಕ್ಕ ಇಡಿ. ಹಳೇ ಎಂಜಿನ್‌ನಿಂದ ಒಂದೊಂದು ಭಾಗ ಬಿಚ್ಚಿದಾಗಲೂ ಅದರ ಕೆಳಗಿನ ತೂತಿಗೆ ನಂಬರ್ ಬರೆಯಿರಿ. ಹೊಸ ಎಂಜಿನ್‌ನ ಅದೇ ಜಾಗಕ್ಕೂ ಅದೇ ನಂಬರ್. ನೋಟ್‌ಬುಕ್ಕಿನಲ್ಲಿ ಆ ನಂಬರ್ ಮುಂದೆ ಬರೆಯಿರಿ: ಇಲ್ಲಿ ಏನು ಕೂರುತ್ತದೆ, ಆಯಿಲ್ ದಾರಿಯೋ, ನೀರಿನದೋ, ಡೀಸೆಲ್‌ದೋ, ಗಾಳಿಯದೋ, ಯಾವ ವಾಷರ್ ಬೇಕು. ಕೆಲಸ ನಿಧಾನ ಅನ್ನಿಸುತ್ತದೆ. ಆದರೂ ಮಾಡಿ. ಭಾಗ ಇಲ್ಲ ಅಂದರೆ ಅಲ್ಲಿ ಬಾಗಿಲು ತೆರೆದಿದೆ ಅಂತ ಅರ್ಥ. ಗುಜರಿ ಅಂಗಡಿಯಲ್ಲಿ ಮಳೆಗಾಲ, ಧೂಳು ಎಲ್ಲ ಕಂಡಿರುತ್ತದೆ. ಆ ಬಾಗಿಲಿಂದ ಏನು ಒಳಗೆ ಹೋಗಿದೆ ಅಂತ ಗೊತ್ತಾಗುವವರೆಗೆ ಸೆಲ್ಫ್ ಹೊಡೆಯುವ ಮಾತೇ ಬೇಡ.

ಆ ದಿನ ನಮ್ಮ ಹುಡುಗ ಹಳೇ ಎಂಜಿನ್ ಮೇಲೆ 24 ಗುರುತು ಹಾಕಿದ. ಹೊಸದರಲ್ಲಿ 23 ಸಿಕ್ಕಿತು. "ಅಣ್ಣಾ, ಇದಕ್ಕೆ ಒಂದು ತೂತು ಕಮ್ಮಿ ಇದೆ" ಅಂದ. ಒಂದೇ ಎಂಜಿನ್ನು, ಕಮ್ಮಿ ಇರೋಕೆ ಹೇಗೆ ಸಾಧ್ಯ? ನಾನೂ ಬಗ್ಗಿ ನೋಡಿದೆ. ಇರಬೇಕಾದ ಜಾಗದಲ್ಲಿ ಎಣ್ಣೆ ಧೂಳು ಮೆತ್ತಿದ ಮಟ್ಟಸವಾದ ಮೈ ಮಾತ್ರ ಇತ್ತು. ಉಗುರಲ್ಲಿ ಕೆರೆದೆ. ಕೆಂಪು ಮಣ್ಣು ಉದುರಿತು. ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತಿನೊಳಗೆ ಗೂಡು ಕಟ್ಟಿ, ಬಾಯಿಯನ್ನು ನುಣ್ಣಗೆ ಮುಚ್ಚಿಬಿಟ್ಟಿತ್ತು. ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಮೆಲ್ಲಗೆ ಎಳೆದರೆ, ಗಟ್ಟಿ ಮಣ್ಣಿನ ಜೊತೆ ಒಣಗಿದ ಪುಟ್ಟ ಜೇಡಗಳು ಒಂದೊಂದಾಗಿ ಬಂದವು. ಮರಿಗೆ ಅಂತ ತುಂಬಿಟ್ಟ ಬುತ್ತಿ.

ಆ ತೂತು ಯಾವುದು ಗೊತ್ತಾ? ಟರ್ಬೊಗೆ ಆಯಿಲ್ ಹೋಗುವ ದಾರಿ.

ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಸಣ್ಣ ಟರ್ಬೊಗಳು ಎರಡು ಲಕ್ಷ ಮುಟ್ಟುತ್ತವೆ. ಇಂಥವುಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟ್ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ಕೆಲವು ಸೆಕೆಂಡು ಇಲ್ಲದಿದ್ದರೂ ಸಾಕು, ಬೇರಿಂಗ್ ಹೋಯಿತು. ಅವತ್ತು ಎಣಿಸದೆ ಪೈಪ್ ಹಾಕಲು ಹೋಗಿದ್ದರೆ ಸ್ಕ್ರೂಡ್ರೈವರ್‌ನಲ್ಲಿ ಮಣ್ಣನ್ನು ಒಳಕ್ಕೆ ನೂಕಿರುತ್ತಿದ್ದೆವೋ ಏನೋ.

ಇಂಥ ಕಡೆ ಕಂಪ್ರೆಸರ್ ಗಾಳಿ ಹೊಡೆಯಲೇಬೇಡಿ. ಕೊಳೆ ಆಯಿಲ್ ದಾರಿಯೊಳಗೆ ಇನ್ನೂ ದೂರ ಹೋಗಿ ಕೂರುತ್ತದೆ. ಕಡ್ಡಿಗೆ ಗ್ರೀಸ್ ಸವರಿ ಒಳಗೆ ಬಿಟ್ಟರೆ ಪುಡಿ ಅಂಟಿಕೊಂಡು ಹೊರಗೆ ಬರುತ್ತದೆ. ಹತ್ತಾರು ಸಲ ಮಾಡಿ. ಉಳಿದದ್ದನ್ನು ಆಯಿಲ್ಲೇ ಹೊರಗೆ ತಳ್ಳುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಕೆಳಗೆ ಆಯಿಲ್ ಚೇಂಬರ್ ಬಿಚ್ಚಿ ಪಂಪಿನ ಜಾಲರಿಯನ್ನೂ ನೋಡಿ. ಹಳೇ ಆಯಿಲ್ ಸುಟ್ಟು ಕರಿ ಹಲ್ವಾ ಥರ ಆಗಿದ್ದರೆ ಪೂರ್ತಿ ತೊಳೆಯಿರಿ. ಹಾಗೇ ಟೈಮಿಂಗ್ ಕವರ್ ತೆಗೆದು ಚೈನ್, ಟೆನ್ಷನರ್, ಗೈಡ್ ಹೊಸದು ಹಾಕಿಬಿಡಿ. ಈ ಎಂಜಿನ್‌ನಲ್ಲಿ ಆಯಿಲ್ ತಡವಾಗಿ ಬದಲಾಯಿಸಿದರೆ ಚೈನ್ ಸಡಿಲ ಆಗುತ್ತದೆ. ಗುಜರಿ ಎಂಜಿನ್‌ನ ಹಿಂದಿನ ಯಜಮಾನ ಹೇಗೆ ಓಡಿಸಿದ್ದನೋ ಯಾರಿಗೆ ಗೊತ್ತು.

ಇಂಜೆಕ್ಟರ್ ಇಲ್ಲದ ಎರಡು ತೂತುಗಳಿಂದ ಸಿಲಿಂಡರ್ ಒಳಕ್ಕೆ ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಬಿಟ್ಟೆ. ಒಂದರಲ್ಲಿ ತೆಳುವಾಗಿ ತುಕ್ಕು ಇತ್ತು, ಗೀರು ಇರಲಿಲ್ಲ. ಡೀಸೆಲ್ ಕಲೆಸಿದ ಆಯಿಲ್ ಬಿಟ್ಟು ಒಂದು ರಾತ್ರಿ ನೆನೆಸಿ, ಮರುದಿನ ಕೈಯಲ್ಲೇ ತಿರುಗಿಸಿ, ಸಿರಿಂಜಿನಲ್ಲಿ ಹೀರಿ ತೆಗೆದೆ. ಪಿಸ್ಟನ್ ಮೇಲೆ ದ್ರವ ಉಳಿದಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದನ್ನು ಮರೆಯಬೇಡಿ.

ಇನ್ನು ಭಾಗ ಹುಡುಕುವ ವಿಷಯ. ಹಳೇ ಎಂಜಿನ್‌ನ ಡೈನಮೋ, ಸೆಲ್ಫ್, ಪೈಪು, ಸೆನ್ಸರ್ ನೋಡಿ ಹಾಕಬಹುದು. ಟರ್ಬೊ ಮಾತ್ರ ಹಾಗೇ ಎತ್ತಿ ಹಾಕಬೇಡಿ. ವಾಲ್ವ್ ಮುರಿದಾಗ ಅದರ ಚೂರುಗಳು ಹೊಗೆ ದಾರಿಯಲ್ಲಿ ನೇರ ಟರ್ಬೊ ಒಳಗೇ ಹೋಗುವುದು. ಯಜಮಾನರ ಟರ್ಬೊವನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ಬಿಸಿ ಕಡೆಯ ರೆಕ್ಕೆಗಳಲ್ಲಿ ಎರಡರ ತುದಿ ಇಲಿ ಕಡಿದಂತೆ ಹಾರಿತ್ತು. ಅಷ್ಟು ವೇಗದಲ್ಲಿ ತೂಕ ತಪ್ಪಿದ ಚಕ್ರ ಬಾಳುವುದಿಲ್ಲ. ಹೊಸ ಕೋರ್ (ಶಾಫ್ಟ್, ಚಕ್ರ, ಬೇರಿಂಗ್ ಇರುವ ಒಳಭಾಗ) ತರಿಸಿ, ಹೊರಗಿನ ಕವಚ ಹಳೆಯದೇ ಇಟ್ಟುಕೊಂಡೆವು. ನೀವು ಸೆಕೆಂಡ್ ಹ್ಯಾಂಡ್ ಟರ್ಬೊ ತರುವುದಾದರೆ ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಒಳಗೆ ಹೊರಗೆ ಎಳೆದರೆ ಆಟ ಕೈಗೆ ಗೊತ್ತಾಗಲೇಬಾರದು. ಇನ್ನೊಂದು ವಿಷಯ, ಎರ್ಟಿಗಾ, ಸಿಯಾಜ್‌ನ 90 ಎಚ್‌ಪಿ ಎಂಜಿನ್‌ನ ಟರ್ಬೊ ಬೇರೆ ಥರದ್ದು. ಸ್ವಿಫ್ಟ್‌ನ 75 ಎಚ್‌ಪಿಗೆ ಅದನ್ನು ಕೊಂಡು ಸುಮ್ನೆ ಕೈ ಸುಟ್ಟುಕೊಳ್ಳಬೇಡಿ.

ಇಂಜೆಕ್ಟರ್ ನಾಲ್ಕನ್ನೂ ಪಂಪ್ ರೂಮಿಗೆ (ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿ) ಕೊಟ್ಟು ಟೆಸ್ಟ್ ಮಾಡಿಸಿ. ಅವುಗಳ ಮೇಲೆ ಕೋಡ್ ಇದ್ದರೆ ಯಾವುದು ಯಾವ ಸಿಲಿಂಡರ್‌ಗೆ ಅಂತ ಬರೆದಿಟ್ಟು ಸ್ಕ್ಯಾನರ್‌ನಲ್ಲಿ ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಹಾಕಿಸಿ. ಕೆಳಗಿನ ತಾಮ್ರದ ವಾಷರ್ ಹೊಸದೇ ಬೇಕು, ದಪ್ಪವೂ ಅಷ್ಟೇ ಇರಬೇಕು. ಇಸಿಎಂ ನಿಮ್ಮ ಗಾಡಿಯದ್ದೇ ಇರಲಿ. ಎಂಜಿನ್ ಜೊತೆ ಬಂದ ಇಸಿಎಂ ನಿಮ್ಮ ಕೀಯನ್ನು ಗುರುತಿಸುವುದಿಲ್ಲ.

ಟರ್ಬೊ ಕೂರಿಸುವಾಗ ನಾನು ಕಲಿತ ಒಂದು ಪಾಠ ಇದೆ, ಅದಕ್ಕೆ ದುಡ್ಡು ಕೊಟ್ಟಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ, ಆಯಿಲ್ ಇಳಿಯುವ ಪೈಪಿನ ಪ್ಯಾಕಿಂಗ್ ಸಿಗಲಿಲ್ಲ ಅಂತ ಸಿಲಿಕಾನ್ ಹಚ್ಚಿ ಬಿಗಿದೆ. ಒಳಕ್ಕೆ ಉಕ್ಕಿದ ಸಿಲಿಕಾನ್ ದಾರಿಯನ್ನು ಅರ್ಧ ಮುಚ್ಚಿತು. ಟರ್ಬೊದಿಂದ ಆಯಿಲ್ ಕೆಳಗೆ ಇಳಿಯುವುದು ಬರೀ ತನ್ನ ತೂಕದಿಂದ, ಅಲ್ಲಿ ಪಂಪ್ ಇಲ್ಲ. ಇಳಿಯಲು ಜಾಗ ಸಾಲದೆ ಸೀಲ್ ದಾಟಿ ಸೈಲೆನ್ಸರ್‌ಗೆ ಬಂತು. ನೀಲಿ ಹೊಗೆ ನೋಡಿ ಟರ್ಬೊನೇ ಹೋಯಿತು ಅಂದುಕೊಂಡು ಇನ್ನೊಂದು ತರಿಸಿದೆ. ಗಿರಾಕಿಯ ಹತ್ತಿರ ಆ ದುಡ್ಡು ಕೇಳಲಿಲ್ಲ. ಅವತ್ತಿನಿಂದ ಟರ್ಬೊದ ಆಯಿಲ್ ಪೈಪುಗಳ ಹತ್ತಿರ ಸಿಲಿಕಾನ್ ಟ್ಯೂಬ್ ತರಲು ಬಿಟ್ಟಿಲ್ಲ. ಸರಿಯಾದ ಪ್ಯಾಕಿಂಗ್, ಹೊಸ ತಾಮ್ರದ ವಾಷರ್, ಅಷ್ಟೇ. ಆಯಿಲ್ ಪೈಪ್ ಹಿಡಿದಿಡುವ, ನಡುವೆ ತೂತಿರುವ ಬ್ಯಾಂಜೊ ಬೋಲ್ಟ್ ಒಳಗೆ ಸಣ್ಣ ಜಾಲರಿ ಇದೆಯಾ ನೋಡಿ. ಇದ್ದರೆ ಹೊಸದು ಹಾಕಿ. ಗಾಳಿ ಪೈಪುಗಳನ್ನು, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಇರುವ ಗಾಡಿಯಾದರೆ ಅದನ್ನೂ, ಪೆಟ್ರೋಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಳೇ ಎಂಜಿನ್‌ನ ಚೂರು ಅಲ್ಲೂ ಕೂತಿರಬಹುದು.

ಗೇರ್‌ಬಾಕ್ಸ್ ಕೂರಿಸಿ, ಎಂಜಿನ್ ಗಾಡಿಗೆ ಇಳಿಸಿದ ಮೇಲೆ ನೀರು. ನಮ್ಮ ತುಮಕೂರು ಸೀಮೆಯ ಬೋರ್ ನೀರು ಬಿಂದಿಗೆಗೇ ಬಿಳಿ ಪದರ ಕಟ್ಟುತ್ತದೆ, ರೇಡಿಯೇಟರ್‌ಗೆ ಬಿಡುತ್ತದಾ? ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಯಿಲ್ ಸುಮಾರು 3 ಲೀಟರ್ ಹಿಡಿಯುತ್ತದೆ, ಡಿಪ್‌ಸ್ಟಿಕ್ ನೋಡಿಕೊಂಡು ಹಾಕಿ.

ಈಗ ಮುಖ್ಯವಾದ ಹೊತ್ತು. ನಾಲ್ಕೂ ಇಂಜೆಕ್ಟರ್ ಕನೆಕ್ಟರ್ ಕಿತ್ತಿಡಿ, ಎಂಜಿನ್ ಹತ್ತಿಕೊಳ್ಳಬಾರದು. ಹೀಟರ್ ಪ್ಲಗ್ ಬಿಚ್ಚಿಟ್ಟರೆ ಇನ್ನೂ ಹಗುರವಾಗಿ ತಿರುಗುತ್ತದೆ. ಡೀಸೆಲ್ ಲೈನಿನ ಗಾಳಿ ಮೊದಲೇ ತೆಗೆದಿರಿ, ಒಣಗಿದ ಹೈ ಪ್ರೆಶರ್ ಪಂಪ್ ತಿರುಗಿಸಿದರೆ ಸವೆಯುತ್ತದೆ. ಟರ್ಬೊಗೆ ಹೋಗುವ ಆಯಿಲ್ ಪೈಪನ್ನು ಇನ್ನೂ ಹಾಕಬೇಡಿ. ಆ ತೂತಿನ ಬಾಯಿಗೆ ಒಂದು ಟ್ಯೂಬ್ ಸಿಕ್ಕಿಸಿ ಬಾಟಲಿಗೆ ಬಿಡಿ. ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ನಮ್ಮದರಲ್ಲಿ ಐದನೇ ಸಲಕ್ಕೆ ಆಯಿಲ್ ಚಿಮ್ಮಿತು. ಮೊದಲ ಕಾಲು ಲೀಟರ್ ಕೆಂಪಗೆ ಬಂತು, ಒಳಗೆ ಉಳಿದಿದ್ದ ಮಣ್ಣು. ಬಟ್ಟೆಯ ಮೇಲೆ ಸುರಿದರೆ ಪೂರಾ ಸ್ವಚ್ಛ ಕಾಣುವವರೆಗೆ ಬಿಟ್ಟೆವು. ಆಮೇಲೆ ಫಿಲ್ಟರ್ ಬದಲಾಯಿಸಿ, ಆಯಿಲ್ ಮಟ್ಟ ಸರಿ ಮಾಡಿದೆವು. ಟರ್ಬೊ ಒಳಗೆ ಸಿರಿಂಜಿನಲ್ಲಿ ಆಯಿಲ್ ಬಿಟ್ಟು ಬೆರಳಲ್ಲಿ ಚಕ್ರ ತಿರುಗಿಸಿ, ಪೈಪ್ ಕೂರಿಸಿದೆವು. ಆಯಿಲ್ ಲೈಟ್ ಆರುವ ತನಕ ಇನ್ನೊಮ್ಮೆ ಬರೀ ಸೆಲ್ಫ್. ಲೈಟ್ ಆರಿದ ಮೇಲೆಯೇ ಹೀಟರ್ ಪ್ಲಗ್ ವಾಪಸ್ ಕೂರಿಸಿ, ಇಂಜೆಕ್ಟರ್ ಕನೆಕ್ಟರ್ ಹಾಕಿದ್ದು.

ಸ್ಟಾರ್ಟ್ ಮಾಡುವಾಗ ಗಾಳಿ ಪೈಪ್ ಪಕ್ಕ ಒಬ್ಬರು ಮಣೆ ಹಿಡಿದು ನಿಲ್ಲಲಿ. ಅಡುಗೆ ಮನೆಯ ತರಕಾರಿ ಹೆಚ್ಚುವ ಮಣೆಯಷ್ಟು ಅಗಲ ಇದ್ದರೆ ಸಾಕು. ಟರ್ಬೊ ಸೀಲ್ ದಾಟಿದ ಆಯಿಲನ್ನೇ ಕುಡಿದು ಡೀಸೆಲ್ ಎಂಜಿನ್ ತಾನಾಗಿ ರೇಸ್ ಆಗಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಮಣೆಯಿಂದ ಗಾಳಿ ಬಾಯಿ ಮುಚ್ಚಬೇಕು. ಯಾವ ಕಾರಣಕ್ಕೂ ಕೈ ಇಡಬೇಡಿ. ಒಳಗೆ ಕೂತವರು ಬ್ರೇಕ್ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಲು ರೆಡಿ ಇರಬೇಕು. ಓಡುವಾಗ ಡೀಸೆಲ್ ರೇಲಿನ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ) ಪೈಪುಗಳನ್ನು ಸಡಿಲ ಮಾಡಬಾರದು. ಅಲ್ಲಿ ಸಾವಿರ ಬಾರ್‌ಗೂ ಮೀರಿ ಒತ್ತಡ ಇರುತ್ತದೆ, ಸೋರಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಸೆಲ್ಫ್ ತಿರುಗಿಯೂ ಹತ್ತದಿದ್ದರೆ ಗಾಬರಿ ಬೇಡ. ಸ್ಕ್ಯಾನರ್‌ನಲ್ಲಿ ಎರಡು ನೋಡಿ: ಆರ್‌ಪಿಎಂ ತೋರಿಸುತ್ತಿದೆಯಾ, ರೇಲ್ ಪ್ರೆಶರ್ ಏರುತ್ತಿದೆಯಾ. ಆರ್‌ಪಿಎಂ ಸೊನ್ನೆ ಇದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್. ಪ್ರೆಶರ್ ಏರದಿದ್ದರೆ ಗಾಳಿ ಹಿಡಿದಿದೆ, ಇಲ್ಲವೇ ಯಾವುದೋ ಇಂಜೆಕ್ಟರ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿನಲ್ಲಿ ಡೀಸೆಲ್ ಜಾಸ್ತಿ ಬಿಡುತ್ತಿದೆ. ನಮ್ಮದು ಮೂರನೇ ಸಲಕ್ಕೆ ಬಿಳಿ ಹೊಗೆ ಕಾರಿ, ಒಂದೆರಡು ಸಲ ಕೆಮ್ಮಿ ಹತ್ತಿತು. ಹತ್ತು ನಿಮಿಷ ಐಡಲ್‌ನಲ್ಲೇ ಬಿಟ್ಟೆವು, ಆಕ್ಸಿಲರೇಟರ್ ಮುಟ್ಟಲಿಲ್ಲ. ಯಜಮಾನರು ಬಾನೆಟ್ ಪಕ್ಕ ನಿಂತು ಒಂದು ಮಾತೂ ಆಡದೆ ಕೇಳಿಸಿಕೊಳ್ಳುತ್ತಿದ್ದರು.

500 ಕಿಲೋಮೀಟರ್ ಆದ ಮೇಲೆ ಬರಲು ಹೇಳಿದ್ದೆ. ಬಂದರು. ಆಯಿಲ್ ಇಳಿಸಿ ಹಳೇ ಬಿಳಿ ಪಂಚೆಯ ತುಂಡಿನ ಮೇಲೆ ಸುರಿದೆವು. ಕರ್ರಗೆ ಇತ್ತು, ಡೀಸೆಲ್ ಎಂಜಿನ್‌ನ ಆಯಿಲ್ ಹಾಗೇ ಇರುವುದು. ಬೆರಳಲ್ಲಿ ತಿಕ್ಕಿ ನೋಡಿದೆ. ಮಣ್ಣಿನ ಒಂದು ಕಣವೂ ಕೈಗೆ ತಾಗಲಿಲ್ಲ.