ಉರಿ ಇಳಿಯಲಿ, ಕೆಂಡ ಬೆಳ್ಳಗಾಗಲಿ

ಈ ಸಲ ದೀಪಾವಳಿಗೆ ಬಂದ ಮೊಮ್ಮಗ ಕಾರಿನ ಡಿಕ್ಕಿಯಿಂದ ಮೂರು ಕಾಲಿನ ಗ್ರಿಲ್ ಒಲೆಯನ್ನೂ ಒಂದು ಚೀಲ ಇದ್ದಿಲ ಬಿಲ್ಲೆಯನ್ನೂ ಇಳಿಸಿದ. ಅವನು ಅದಕ್ಕೆ ಬ್ರಿಕೆಟ್ ಅನ್ನುತ್ತಾನೆ. ಹಿತ್ತಲಲ್ಲಿ ಒಲೆ ಹೊತ್ತಿಸಿ ಹತ್ತೇ ನಿಮಿಷಕ್ಕೆ ಕೋಳಿ ತುಂಡುಗಳನ್ನು ಜಾಲರಿ ಮೇಲೆ ಜೋಡಿಸಿಬಿಟ್ಟ. ಬಿಲ್ಲೆಗಳ ಅಂಚು ಮಾತ್ರ ಕೆಂಪಗಿತ್ತು, ನಡುಭಾಗ ಇನ್ನೂ ಕಪ್ಪು. ಕೋಳಿ ಹೊರಗೆ ಸೀದು ಹೋಯಿತು, ಒಳಗೆ ಮೂಳೆ ಹತ್ತಿರ ಹಸಿ ಹಸಿ. "ಈ ಇದ್ದಿಲೇ ಸರಿ ಇಲ್ಲ ಅಜ್ಜಿ" ಅಂದ. ಇದ್ದಿಲು ಸರಿಯಾಗೇ ಇತ್ತು ಮಗಾ, ನೀನು ಕಾಯಲಿಲ್ಲ ಅಂದೆ.

ತೀರ್ಥಹಳ್ಳಿ ಕಡೆ ಅಕ್ಕಿ ರೊಟ್ಟಿ ಸುಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾವಲಿ ಮೇಲೆ ಅರೆ ಬೆಂದ ರೊಟ್ಟಿಯನ್ನು ಒಲೆಬಾಯಿಗೆ ಎಳೆದ ಕೆಂಡಕ್ಕೆ ಒಡ್ಡಿದರೆ ಪೂರಿ ಹಾಗೆ ಉಬ್ಬುತ್ತದೆ. ಅದೇ ರೊಟ್ಟಿಯನ್ನು ಉರಿಗೆ ಹಿಡಿದರೆ ಮಸಿ ಹತ್ತುತ್ತದೆ, ಉಬ್ಬುವುದಿಲ್ಲ. ಕೋಳಿ, ಮೀನು, ಗೆಣಸು ಎಲ್ಲದಕ್ಕೂ ಲೆಕ್ಕ ಅದೇ.

ಬಿಲ್ಲೆ ಅಂದರೆ ಇದ್ದಿಲ ಪುಡಿಗೆ ಗಂಜಿಯಂಥ ಅಂಟು ಕಲಸಿ ಒತ್ತಿ ಒಣಗಿಸಿದ್ದು. ಅಮೆರಿಕದಲ್ಲಿ 1920ರ ದಶಕದಲ್ಲಿ ಕಾರು ಮಾಡುವ ಹೆನ್ರಿ ಫೋರ್ಡ್ ತಮ್ಮ ಕಾರ್ಖಾನೆಯಲ್ಲಿ ಮಿಕ್ಕಿದ ಮರದ ಚೂರು, ಹೊಟ್ಟು ಸುಡಿಸಿ ಇಂಥ ಬಿಲ್ಲೆ ಮಾಡಿಸಿ ಮಾರಿದರು. ನಮ್ಮಲ್ಲಿ ಈಗ ತೆಂಗಿನ ಕರಟದ್ದು ಸಿಗುತ್ತದೆ. ನನಗೆ ಅದು ಇಷ್ಟವಾಗಲು ಒಂದು ಕಾರಣ ಇದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಿದ್ದು ಕಟ್ಟಿಗೆ ಇದ್ದಿಲಿನಿಂದ. ನಮ್ಮ ಸುತ್ತಲ ಕಾಡಿನ ಎಷ್ಟೋ ಮರ ಹಾಗೆ ಸುಟ್ಟು ಹೋಗಿದೆ. ತಿಂದು ಬಿಸಾಡಿದ ಕರಟದಲ್ಲಿ ಅಡುಗೆ ಆಗುವುದಾದರೆ ಒಂದು ಬುಡವನ್ನಾದರೂ ಕಡಿಯುವುದು ತಪ್ಪುತ್ತದೆ, ಅಲ್ವಾ?

ಕೊಳ್ಳುವಾಗ ಚೀಲದ ಮೇಲೆ ಬರೆದದ್ದನ್ನು ಓದಿ. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಳ್ಳುತ್ತದೆ ಅಂತ ಹೇಳುವ ಬಿಲ್ಲೆಗೆ ಮೊದಲೇ ಎಣ್ಣೆಯಂಥದ್ದು ಸವರಿರುತ್ತಾರೆ. ಅದು ಪೂರ್ತಿ ಉರಿದು ಹೋಗುವ ಮೊದಲು ಮೀನು ಇಟ್ಟರೆ ಆ ವಾಸನೆ ಮೀನಿಗೆ ಬರುತ್ತದೆ. ನಾನು ಅದನ್ನು ಕೊಳ್ಳುವುದಿಲ್ಲ. ಒಂದು ಬಿಲ್ಲೆ ಕೈಗೆ ತೆಗೆದು ನೋಡಿ, ಗಟ್ಟಿ ಇರಬೇಕು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ ಅಂದರೆ ಥಂಡಿ ಎಳೆದಿದೆ ಅಂತ ಅರ್ಥ. ಮಲೆನಾಡಿನಲ್ಲಿ ದೊಡ್ಡ ಕಷ್ಟ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಇದ್ದಿಲು ಒಣಗಿರುತ್ತದಾ? ತಂದ ದಿನವೇ ಚೀಲದಿಂದ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿಯಿರಿ. ಡಬ್ಬವನ್ನು ನೆಲದ ಮೇಲೆ ಇಡಬೇಡಿ, ಒಂದು ಹಲಗೆ ಮೇಲಿಡಿ. ಥಂಡಿ ಹಿಡಿದಿದ್ದರೆ ಎರಡು ದಿನ ಬಿಸಿಲಿಗೆ ಹರಡಿ. ಒಲೆ ಪಕ್ಕದಲ್ಲಿ ಇಟ್ಟು ಒಣಗಿಸುವ ಆಸೆ ಮಾತ್ರ ಬೇಡ, ಒಂದು ಕಿಡಿ ಸಾಕು.

ಹೊತ್ತಿಸುವ ವಿಷಯಕ್ಕೆ ಬರುತ್ತೇನೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ನಮ್ಮ ನೆಂಟರ ಹುಡುಗನೊಬ್ಬ ಬೆಂಕಿ ಆರಿತು ಅಂದುಕೊಂಡು ಕೆಂಡದ ಮೇಲೆ ಸೀಮೆಎಣ್ಣೆ ಚಿಮುಕಿಸಿದ. ಉರಿ ಭಗ್ಗೆಂದು ಕೈಗೇ ಹತ್ತಿತು. ಮೊಣಕೈವರೆಗಿನ ಆ ಕಲೆ ಇವತ್ತಿಗೂ ಹೋಗಿಲ್ಲ. ಅವನ ತಾಯಿ ಅತ್ತದ್ದು ನನ್ನ ಕಣ್ಣಿಗೆ ಕಟ್ಟಿದೆ.

ಅಂಗಡಿಯಲ್ಲಿ ಇದ್ದಿಲು ಹೊತ್ತಿಸುವ ತಗಡಿನ ಚಿಮಣಿ ಸಿಗುತ್ತದೆ. ಇಲ್ಲವಾದರೆ ಅಡುಗೆ ಎಣ್ಣೆಯ 5 ಲೀಟರ್ ತಗಡಿನ ಡಬ್ಬ ಸಾಕು. ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸಿ, ಬುಡದಿಂದ ಎರಡು ಇಂಚು ಮೇಲೆ ಸುತ್ತಲೂ ಮೊಳೆಯಿಂದ ತೂತು ಹೊಡೆಯಿರಿ. ಎದುರುಬದುರು ತೂತಿನಲ್ಲಿ ದಪ್ಪ ಕಬ್ಬಿಣದ ತಂತಿ ಅಡ್ಡಡ್ಡ ಹಾಯಿಸಿದರೆ ಬಿಲ್ಲೆ ಅದರ ಮೇಲೆ ಕೂರುತ್ತದೆ. ಆ ತಂತಿಯ ಕೆಳಗೂ ನಾಲ್ಕೈದು ದೊಡ್ಡ ತೂತು ಇರಲಿ, ಗಾಳಿ ಅಲ್ಲಿಂದಲೇ ಒಳಗೆ ಹೋಗಬೇಕು. ಮೊದಲ ಸಲ ಖಾಲಿ ಡಬ್ಬವನ್ನೇ ಒಮ್ಮೆ ಚೆನ್ನಾಗಿ ಸುಟ್ಟುಬಿಡಿ, ಹೊರಗಿನ ಬಣ್ಣ ಹೋಗಲಿ. ಪೇಂಟ್ ಡಬ್ಬ ಬೇಡವೇ ಬೇಡ.

ಕೆಳಗೆ ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ನಾರು, ಒಂದು ತುಂಡು ಕರ್ಪೂರ ಇಟ್ಟು ಕಡ್ಡಿ ಗೀರಿ. ನಾವು ಬಚ್ಚಲೊಲೆಗೆ ದಿನಾ ಹಾಕುವ ಸಿಪ್ಪೆಯೇ ಸಾಕು. ಐದಾರು ಜನರ ಊಟಕ್ಕೆ ನಾನು 40 ಬಿಲ್ಲೆ ಹಾಕುತ್ತೇನೆ. ಹೊತ್ತಿದ ಮೇಲೆ ಬೆಂಕಿಯ ಬಿಸಿ ತಾನಾಗಿ ಮೇಲೇರುತ್ತದೆ, ಬುಡದಿಂದ ಹೊಸ ಗಾಳಿ ಎಳೆಯುತ್ತದೆ. ಊದಬೇಕಾಗಿಲ್ಲ. ಮೊದಲು ದಟ್ಟ ಹೊಗೆ ಬರುತ್ತದೆ. ಆಮೇಲೆ ಹೊಗೆ ತೆಳುವಾಗುತ್ತದೆ. 15ರಿಂದ 20 ನಿಮಿಷಕ್ಕೆ ಮೇಲಿನ ಬಿಲ್ಲೆಗೂ ಬೂದಿಯ ಬಿಳಿ ಹೊದಿಕೆ ಬಂದಿರುತ್ತದೆ. ಆಗ ಇಕ್ಕಳದಲ್ಲಿ ಡಬ್ಬ ಹಿಡಿದು ಮೆಲ್ಲಗೆ ಒಲೆಗೆ ಸುರಿಯಿರಿ. ನಡುವೆ ತೂತಿರುವ ಉದ್ದನೆ ಕರಟದ ಬಿಲ್ಲೆಗೆ ಇನ್ನೂ ಹೆಚ್ಚು ಹೊತ್ತು ಬೇಕು, ಆದರೆ ಅದು ಉರಿಯುವುದೂ ಜಾಸ್ತಿ ಹೊತ್ತು. ಮಕ್ಕಳು ಹಸಿವು ಅಂತ ಗಲಾಟೆ ಮಾಡಿದರೆ ಅಷ್ಟರಲ್ಲಿ ಒಂದೊಂದು ಕಡುಬು ಕೊಟ್ಟು ಕೂರಿಸಿ.

ಕೆಂಡವನ್ನು ಒಲೆ ತುಂಬ ಹರಡಬೇಡಿ. ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿ ಖಾಲಿ ಬಿಡಿ. ದಪ್ಪ ಕೋಳಿ ತುಂಡು ಮೊದಲು ಖಾಲಿ ಬದಿಯಲ್ಲಿ ಮುಚ್ಚಳ ಹಾಕಿ ನಿಧಾನ ಬೇಯಲಿ, ಕೊನೆಗೆ ಕೆಂಡದ ಮೇಲೆ ತಂದು ಬಣ್ಣ ಬರಿಸಿ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ತುಂಡನ್ನು ಖಾಲಿ ಬದಿಗೆ ಸರಿಸಿದರೆ ಆಯಿತು. ನೀರು ಎರಚಿದರೆ ಬೂದಿ ಎದ್ದು ಊಟದ ಮೇಲೆ ಕೂರುತ್ತದೆ. ಬಿಸಿ ಎಷ್ಟಿದೆ ಅಂತ ತಿಳಿಯಲು ಜಾಲರಿಯಿಂದ ನಾಲ್ಕೈದು ಇಂಚು ಮೇಲೆ ಅಂಗೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೆ ಕೈ ಎಳೆಯುವಂತಾದರೆ ಬಲು ಜೋರು. ಐದಾರು ಎಣಿಸಲು ಆದರೆ ಮೀನಿಗೂ ಕೋಳಿಗೂ ಹದ. ಹತ್ತು ದಾಟಿದರೆ ಕೆಂಡ ಸೋತಿದೆ, ಬೇರೆ ಕಡೆ ಹೊತ್ತಿಸಿಟ್ಟ ನಾಲ್ಕಾರು ಬಿಲ್ಲೆ ಸೇರಿಸಿ. ಕೋಳಿ ಬೆಂದಿದೆಯಾ ಅಂತ ಹೊರಗಿನ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಮೊಮ್ಮಗನ ಹತ್ತಿರ ಚುಚ್ಚಿ ನೋಡುವ ಥರ್ಮಾಮೀಟರ್ ಇದೆ. ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಅದು ಒಳ್ಳೆಯ ಸಾಮಾನು, ನಾನೂ ಒಪ್ಪಿಕೊಂಡಿದ್ದೇನೆ.

ಆಗುಂಬೆ ಘಾಟಿ ಹತ್ತಿ ಬರುವ ಬಂಗುಡೆಗೆ ಕಾಳುಮೆಣಸು, ಉಪ್ಪು, ಅರಿಶಿನ, ಸ್ವಲ್ಪ ಹುಳಿ ಅರೆದು ಹಚ್ಚಿ, ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ ಇಡಿ. ಜಾಲರಿಗೆ ಅಂಟುವ ಗೋಳೇ ಇಲ್ಲ. ಬದನೆಕಾಯಿ ಗೊಜ್ಜು ಮಾಡುವವರು ಗ್ಯಾಸ್ ಉರಿಯಲ್ಲಿ ಸುಟ್ಟದ್ದನ್ನೂ ಇದರಲ್ಲಿ ಸುಟ್ಟದ್ದನ್ನೂ ಒಮ್ಮೆ ಪಕ್ಕಪಕ್ಕ ತಿಂದು ನೋಡಲಿ. ಕಡ್ಡಿಗೆ ಚುಚ್ಚುವುದಾದರೆ ಬಿದಿರಿನ ಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ. ಬೇಲಿಯ ಕಣಗಿಲೆ ಕಡ್ಡಿ ಮುರಿದು ಚುಚ್ಚಿದರೆ ಅದು ವಿಷ. ಹೊಗೆಯ ಘಮ ಬೇಕು ಅಂತ ಕಾಡಿನ ಯಾವುದೋ ಕಟ್ಟಿಗೆಯನ್ನೂ ಹಾಕಬೇಡಿ. ಹೊಳೆಗೇರು ಸೋಕಿದರೇ ಮೈ ಬೊಕ್ಕೆ ಏಳುತ್ತದೆ, ಅದರ ಹೊಗೆ ಕೇಳಬೇಕಾ? ಪೇರಲೆಯ ಒಣ ಕೊಂಬೆ ಒಂದು ತುಂಡು ಸಾಕು.

ಒಲೆ ಇಲ್ಲದವರು ಇಟ್ಟಿಗೆ ಜೋಡಿಸಿ ಮೇಲೆ ಜಾಲರಿ ಇಡಬಹುದು. ತುಂಗಾ ಹೊಳೆಯಿಂದ ಆರಿಸಿದ ಕಲ್ಲು ಇಡಬೇಡಿ, ಒಳಗೆ ನೀರಿನಂಶ ಇದ್ದರೆ ಬಿಸಿಗೆ ಸಿಡಿಯುತ್ತದೆ. ಕೋಳಿಗೂಡಿಗೆ ಹಾಕುವ ಸತುವಿನ ಲೇಪದ ಜಾಲರಿಯೂ ಬೇಡ, ಕಾದಾಗ ಅದರ ಹೊಗೆ ಒಳ್ಳೆಯದಲ್ಲ. ಅಡಿಕೆ ಹರಡಿದ ಅಂಗಳ, ಹುಲ್ಲಿನ ಬಣವೆ, ತರಗೆಲೆ ಬಿದ್ದ ಜಾಗ ಇವುಗಳಿಂದ ದೂರ ಇರಲಿ, ಪಕ್ಕದಲ್ಲಿ ಒಂದು ಕೊಡ ನೀರು ಇರಲಿ. ಫೆಬ್ರವರಿಯಿಂದ ಮೊದಲ ಮಳೆವರೆಗೆ ಬೆಟ್ಟದ ಅಂಚಿನ ಮನೆಯವರು ಹಿತ್ತಲಲ್ಲಿ ಹೊತ್ತಿಸದೇ ಇರುವುದು ಒಳ್ಳೆಯದು.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ತಾಯಿ ಮನೆಯಲ್ಲಿ ಮಳೆಗಾಲಕ್ಕೆ ಅಗ್ಗಿಷ್ಟಿಕೆ ಇತ್ತು. ಬಾಣಂತಿ ಕೋಣೆಗೂ ಅದೇ, ಬಟ್ಟೆ ಒಣಗಿಸಲೂ ಅದೇ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಆದರೂ ಬೆಳಿಗ್ಗೆ ತಲೆನೋವು ಅಂತ ಏಳುತ್ತಿದ್ದೆವು, ಅದು ಥಂಡಿಗೆ ಅಂದುಕೊಂಡಿದ್ದೆವು. ಇದ್ದಿಲು ಉರಿಯುವಾಗ ಕಾರ್ಬನ್ ಮೋನಾಕ್ಸೈಡ್ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ಈಗಿನದು ಆರ್‌ಸಿಸಿ ಮನೆ, ಕಿಟಕಿಗೆ ಗಾಜು. ಮಳೆ ಬಂತು ಅಂತ ಉರಿಯುವ ಗ್ರಿಲ್ಲನ್ನು ಒಳಗೆ ತರಬೇಡಿ. ಗ್ಯಾರೇಜೂ ಒಳಗೇ ಲೆಕ್ಕ. ಚಳಿ ಅಂತ ಉಳಿದ ಕೆಂಡವನ್ನು ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಊಟ ಅರ್ಧಕ್ಕೆ ನಿಂತರೂ ಚಿಂತೆ ಇಲ್ಲ.

ಊಟ ಆದ ಮೇಲೆ ಒಲೆಯ ಮುಚ್ಚಳ, ಕಿಂಡಿ ಎಲ್ಲ ಮುಚ್ಚಿಬಿಡಿ. ಗಾಳಿ ಇಲ್ಲದೆ ಕೆಂಡ ತಾನೇ ನಂದುತ್ತದೆ. ಅರ್ಧ ಉಳಿದ ಬಿಲ್ಲೆಯ ಬೂದಿ ಕೊಡವಿ ಇಟ್ಟರೆ ಮುಂದಿನ ಸಲ ಹೊಸದರ ಜೊತೆ ಹಾಕಬಹುದು. ಬೂದಿಯನ್ನು ಎರಡು ದಿನ ಮುಚ್ಚಳದ ಕಬ್ಬಿಣದ ಬಕೆಟ್‌ನಲ್ಲಿ ಇಟ್ಟೇ ಇಡಿ. ಮೇಲೆ ತಣ್ಣಗಾದಂತೆ ಕಂಡರೂ ಒಳಗೆ ಕೆಂಡ ಇರುತ್ತದೆ, ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದರೆ ಬುಟ್ಟಿ ಕರಗಿ ಬೆಂಕಿ ಹೊರಗೆ ಬರುತ್ತದೆ. ಬರೀ ಕರಟ, ಗಂಜಿಯ ಬಿಲ್ಲೆಯಾದರೆ ಆ ಬೂದಿ ಒಂದೊಂದು ಹಿಡಿ ಬಾಳೆ ಬುಡಕ್ಕೆ ಹಾಕಿ. ನಮ್ಮ ಹುಳಿ ಮಣ್ಣಿಗೆ ಬೂದಿ ಒಳ್ಳೆಯದು. ಕಲ್ಲಿದ್ದಲು ಬೆರೆಸಿದ ಬಿಲ್ಲೆಯ ಬೂದಿಯನ್ನು ಮಾತ್ರ ಗಿಡದ ಹತ್ತಿರ ತರದೆ ಬಾವಿಯಿಂದ ದೂರ ಒಂದು ಗುಂಡಿ ತೋಡಿ ಮುಚ್ಚಿ.