ವಿಲಿಯಂ ಕೇರಿಯವರನ್ನು ಬೆಳಗಾವಿಯಲ್ಲಿ ಅಭ್ಯಾಸ ಮಾಡುವ ಬಗೆ

ಬೂಟು ಹೊಲಿಯುತ್ತಲೇ ಗ್ರೀಕ್, ಲ್ಯಾಟಿನ್ ಕಲಿತು, 1793ರಲ್ಲಿ ಬಂಗಾಳಕ್ಕೆ ಬಂದು ಸಂಸ್ಕೃತ ವಿದ್ವಾಂಸರಾಗಿ ಬೆಳೆದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರನ್ನು ಅರಿಯಬಯಸುವವರು ಮೊದಲು ಅವರ ವ್ಯಾಕರಣಗಳನ್ನೇ ಕೈಗೆತ್ತಿಕೊಳ್ಳಬೇಕು. 1805ರ ಮರಾಠಿ ವ್ಯಾಕರಣವನ್ನೂ 1817ರ ಕನ್ನಡ ವ್ಯಾಕರಣವನ್ನೂ ಎದುರುಬದುರು ತೆರೆದಿಟ್ಟು, ವಿಭಕ್ತಿಗಳ ಭಾಗವನ್ನು ಸಾಲುಸಾಲಾಗಿ ಹೋಲಿಸುತ್ತ, ಪ್ರತಿ ರೂಪದ ಪಕ್ಕದಲ್ಲಿ ನಾವು ಆಡುವ ‘ಮನ್ಯಾಗ’, ‘ಊರಾಗ’ದಂಥವನ್ನು ಬರೆದುಕೊಳ್ಳಬೇಕು, ಎರಡೂ ಭಾಷೆಗಳ ನಡುವೆ ಬೆಳೆದ ಬೆಳಗಾವಿಯವರಿಗೆ ಇದು ದೊಡ್ಡ ಅನುಕೂಲ. ಈ ಎರಡು ಕೃತಿಗಳ ನಡುವೆ, 1812ರ ಮಾರ್ಚಿನಲ್ಲಿ, ಬಂಗಾಳದ ಶ್ರೀರಾಂಪುರದಲ್ಲಿದ್ದ ಅವರ ಮಿಷನ್ ಅಚ್ಚುಕೂಟ ಸುಟ್ಟು ಅಮೂಲ್ಯ ಹಸ್ತಪ್ರತಿಗಳು ನಾಶವಾದುದನ್ನು ಟಿಪ್ಪಣಿಯಲ್ಲಿ ಬಿಡಬಾರದು. ಕೇರಿಯವರು ಕಲಿಸುತ್ತಿದ್ದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವರಿಗೆ ನೆರವಾದ ಮೃತ್ಯುಂಜಯ ವಿದ್ಯಾಲಂಕಾರರಂಥ ಪಂಡಿತರಿಗೆ ಪ್ರತ್ಯೇಕ ಪುಟವನ್ನೇ ಮೀಸಲಿಡಬೇಕು, ಏಕೆಂದರೆ ಕೇರಿಯವರ ವಿದ್ವತ್ತಿನಲ್ಲಿ ಈ ಪಂಡಿತರ ಪಾಲು ದೊಡ್ಡದು.