ಟಿಬಿ ಮಾತ್ರೆಯ ಜೊತೆ ಇನ್ನೇನು ಹೊಟ್ಟೆಗೆ ಹೋಗುತ್ತಿದೆ? ಕರಾವಳಿಯ ಸಿಸ್ಟರ್‌ಗಳಿಗೆ

ಮಾತ್ರೆ ಕೈಗೆ ಕೊಡುವ ಮೊದಲು ತೂಕ ನೋಡಿ. ದೊಡ್ಡವರಿಗೆ ಮೊದಲ 2 ತಿಂಗಳು ಕೊಡುವ ಸಂಯುಕ್ತ ಮಾತ್ರೆ ಒಂದರಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬ್ಯುಟಾಲ್ 275 ಮಿ.ಗ್ರಾಂ ಇರುತ್ತದೆ. 25–34 ಕೆ.ಜಿ.ಗೆ 2 ಮಾತ್ರೆ, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5, ಅದಕ್ಕೂ ಹೆಚ್ಚಿದ್ದರೆ 6. ಮುಂದಿನ 4 ತಿಂಗಳ ಮಾತ್ರೆಯಲ್ಲಿ ಪೈರಜಿನಮೈಡ್ ಇರುವುದಿಲ್ಲ. ನಾಲ್ಕು ಮಾತ್ರೆ ನೋಡಿ ಹೆದರಿ ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಹಂಚಿಕೊಳ್ಳುವವರು ಬಹಳ. ಹಾಗೆ ಮಾಡಿದರೆ ರಿಫಾಂಪಿಸಿನ್ ರಕ್ತದಲ್ಲಿ ಬೇಕಾದಷ್ಟು ಮಟ್ಟಕ್ಕೆ ಏರುವುದೇ ಇಲ್ಲ. ಅಷ್ಟನ್ನೂ ಒಂದೇ ಸಲ, ಖಾಲಿ ಹೊಟ್ಟೆಗೆ, ಊಟಕ್ಕೆ 1 ಗಂಟೆ ಮೊದಲು ನುಂಗಿಸಬೇಕು. ವಾಕರಿಕೆ ತಡೆಯದಿದ್ದರೆ ಸ್ವಲ್ಪ ಗಂಜಿ ಕುಡಿಸಿ ಕೊಡಿ. ಡೋಸ್ ತಪ್ಪುವುದಕ್ಕಿಂತ ಅದು ಎಷ್ಟೋ ವಾಸಿ. ಗ್ಯಾಸಿನ ಔಷಧ ಕುಡಿಯುವವರಿದ್ದರೆ ಎರಡರ ನಡುವೆ 2 ಗಂಟೆ ಬಿಡಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಚಿಕಿತ್ಸೆ ಕೆಲವೊಮ್ಮೆ ಕೆಡುವುದು ಮಾತ್ರೆಯ ಜೊತೆ ಹೊಟ್ಟೆಗೆ ಹೋಗುವ ಬೇರೆ ವಸ್ತುಗಳಿಂದ, ಅದೂ ನಾವು ಕೇಳದೇ ಬಿಟ್ಟದ್ದರಿಂದ. ದಾಖಲಾದ ದಿನವೇ ಕೇಳಿ: "ಅಣ್ಣ, ಬೇರೆ ಎಂತ ಮದ್ದು ತಗೊಳ್ತಾ ಇದ್ದೀರಿ? ಸಕ್ಕರೆ ಕಾಯಿಲೆದ್ದು ಉಂಟಾ? ಚರ್ಮಕ್ಕೆ ಎಂತಾದರೂ? ನಾಟಿ ಮದ್ದು?" ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಿರಿ.

ಮೊದಲು ಮೀನಿನ ವಿಷಯ, ಯಾಕೆಂದರೆ ಮಂಗಳೂರು, ಉಡುಪಿಯಲ್ಲಿ ಇದನ್ನು ತಿಳಿಯದೆ ನಡೆಯುವುದಿಲ್ಲ. ಬಂಗುಡೆ, ಟ್ಯೂನಾದಂಥ ಮೀನನ್ನು ಐಸ್ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ದೇಹದಲ್ಲಿ ಹಿಸ್ಟಮಿನ್ ಕರಗಿಸುವ ಕಿಣ್ವವನ್ನು ಐಸೋನಿಯಾಜಿಡ್ ತಡೆಯುತ್ತದೆ. ಊಟವಾಗಿ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಬಿಸಿಯೇರುವುದು, ತುರಿಕೆ, ತಲೆನೋವು, ಎದೆ ಡವಡವ ಶುರುವಾಗುತ್ತದೆ. ಅದೇ ಮೀನು ತಿಂದ ಮನೆಯ ಉಳಿದವರಿಗೆ ಏನೂ ಆಗದಿರಬಹುದು, ಹಾಗಾಗಿ ಎಲ್ಲರ ಕಣ್ಣೂ ಮಾತ್ರೆಯ ಮೇಲೆ ಬೀಳುತ್ತದೆ. ‘ಔಷಧದ ಅಲರ್ಜಿ’ ಎಂದು ಬರೆದುಬಿಟ್ಟರೆ ಒಳ್ಳೆಯ ಔಷಧವೊಂದು ವೃಥಾ ಕೈತಪ್ಪುತ್ತದೆ. ಬಿಪಿ, ನಾಡಿ, ಉಸಿರಾಟ ನೋಡಿ ಡಾಕ್ಟರರನ್ನು ಕರೆಯಿರಿ. ಜೊತೆಗೆ ಮಧ್ಯಾಹ್ನ ಯಾವ ಮೀನು, ಎಂದು ತಂದದ್ದು ಎಂದು ಕೇಳಿ ಬರೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದಾಗ ಹೊರಗಿನಿಂದ ಬರುವ ಮೀನಿನ ಬಗ್ಗೆ ಇನ್ನೂ ಎಚ್ಚರ ಬೇಕು. ಆದರೆ ಮೀನನ್ನೇ ಬಿಡಿಸಬೇಡಿ. ಸೊರಗಿದ ದೇಹಕ್ಕೆ ಪ್ರೋಟೀನ್ ಬೇಕು. ತಾಜಾ ಮೀನು ತಿನ್ನಲಿ.

ಎರಡನೆಯದು ಗಜಕರ್ಣ. ನಮ್ಮ ಬೆವರಿನ ಊರಲ್ಲಿ ಅದಕ್ಕೆ ಇಟ್ರಾಕೊನಜೋಲ್ ನುಂಗುವವರು ಕಡಿಮೆಯಿಲ್ಲ. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಹೆಚ್ಚಿಸಿ ಆ ಔಷಧವನ್ನು ಕೆಲಸ ಮಾಡುವ ಮೊದಲೇ ಹೊರಹಾಕುತ್ತದೆ. ವೊರಿಕೊನಜೋಲ್ ಜೊತೆಗಂತೂ ಕೊಡಲೇಬಾರದು. ಫ್ಲುಕೊನಜೋಲ್ ಮಟ್ಟವೂ ಇಳಿಯುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಪಾಡೂ ಇದೇ. ಸಕ್ಕರೆ ಏರುತ್ತಿದ್ದರೆ ರೋಗಿಯ ಪಥ್ಯವನ್ನು ದೂರುವ ಮೊದಲು ಔಷಧದ ಪಟ್ಟಿ ನೋಡಿ. ಮಗು ಬೇಡವೆನ್ನುವವರಿಗೆ ಕಾಪರ್-ಟಿ ಬಗ್ಗೆ ಹೇಳಿ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು 2 ವಾರ ಈ ಪರಿಣಾಮ ಉಳಿಯುತ್ತದೆ.

ಮೂತ್ರ ಕೇಸರಿ ಬಣ್ಣವಾಗುವುದನ್ನು ಮೊದಲ ದಿನವೇ ಹೇಳಿಬಿಡಿ. ಆದರೆ ‘ಅದು ಮಾತ್ರೆಯ ಬಣ್ಣ’ ಎಂದು ಸಮಾಧಾನ ಹೇಳುವಾಗ ಕಾಮಾಲೆ ಅಡಗಿಕೊಳ್ಳಬಾರದು. ರಿಫಾಂಪಿಸಿನ್ ಬಣ್ಣ ಕಣ್ಣಿನ ಬಿಳಿಯನ್ನು ಹಳದಿ ಮಾಡುವುದಿಲ್ಲ. ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನಿಲ್ಲಿಸಿ ಕಣ್ಣು ನೋಡಿ. ಟ್ಯೂಬ್‌ಲೈಟಿನಲ್ಲಿ ಹಳದಿ ತಪ್ಪಿಹೋಗುತ್ತದೆ. ಊಟ ಸೇರದಿರುವುದು, ವಾಂತಿ, ಬಲಪಕ್ಕೆಯ ನೋವು ಇದ್ದರೆ ಮುಂದಿನ ಡೋಸ್ ತಡೆಹಿಡಿದು ತಕ್ಷಣ ತಿಳಿಸಿ, ಲಿವರ್ ಪರೀಕ್ಷೆಗೆ ರಕ್ತ ಕಳಿಸಿ. ಲಕ್ಷಣಗಳಿದ್ದು ಎಎಲ್‌ಟಿ (ಲಿವರ್ ಹಾನಿ ತೋರಿಸುವ ಕಿಣ್ವ) ಸಾಮಾನ್ಯ ಮಿತಿಯ 3 ಪಟ್ಟು, ಲಕ್ಷಣವಿಲ್ಲದೆ 5 ಪಟ್ಟು ಏರಿದರೆ ಔಷಧ ನಿಲ್ಲಿಸುತ್ತಾರೆ. ಕಾಮಾಲೆ ಎಂದ ಕೂಡಲೇ ನಾಟಿ ಮದ್ದಿಗೆ ಓಡಿ, ಇತ್ತ ಟಿಬಿ ಮಾತ್ರೆಯನ್ನೂ ನುಂಗುತ್ತಾ ಇರುವುದು ಪ್ರಾಣಕ್ಕೇ ಅಪಾಯ. ಇದನ್ನು ಮನೆಯವರಿಗೂ ಬಿಡಿಸಿ ಹೇಳಬೇಕು.

ಕಾಲು ಉರಿ, ಜೋಮು ಬಾರದಂತೆ ಪಿರಿಡಾಕ್ಸಿನ್ (ವಿಟಮಿನ್ ಬಿ6) 10 ಮಿ.ಗ್ರಾಂ ದಿನಾ ಕೊಡಿ. ಎಥಾಂಬ್ಯುಟಾಲ್ ತೆಗೆದುಕೊಳ್ಳುವವರಿಗೆ ಒಂದೊಂದೇ ಕಣ್ಣು ಮುಚ್ಚಿಸಿ ಪೇಪರಿನ ಸಣ್ಣ ಅಕ್ಷರ ಓದಿಸಿ, ಕೆಂಪು–ಹಸಿರು ಗುರುತಿಸಲು ಹೇಳಿ. ಮಬ್ಬಾದರೆ ಆ ದಿನವೇ ತಿಳಿಸಿ.

ಕೆಮ್ಮಿಗೆಂದು ಮೆಡಿಕಲ್‌ನಿಂದ ಲಿವೋಫ್ಲೊಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ತಂದು ತಿಂದಿದ್ದಾರೆಯೇ ಎಂಬುದನ್ನು ಕಫ ಪರೀಕ್ಷೆಗೆ ಕಳಿಸುವಾಗಲೇ ಬರೆಯಿರಿ. ಅದು ಟಿಬಿಯನ್ನು ಕೆಲವು ದಿನ ಅಡಗಿಸಿ ರೋಗ ಪತ್ತೆಯಾಗುವುದನ್ನು ತಡಮಾಡುತ್ತದೆ. ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋಗುವವರಿಗೆ ಅಷ್ಟೂ ದಿನದ ಮಾತ್ರೆ ಸ್ಟ್ರಿಪ್ಪಿನಲ್ಲೇ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೊಡಿ. ಬಿಡಿಸಿಟ್ಟರೆ ತೇವಕ್ಕೆ ಕೆಡುತ್ತದೆ.

ದೇಹದೊಳಗಿನ ಗಂಭೀರ ಫಂಗಸ್ಸಿಗೆ ರಿಫಾಂಪಿಸಿನ್ ಕಾರಣದಿಂದ ಮೇಲೆ ಹೇಳಿದ ಅಜೋಲ್‌ಗಳು (ಇಟ್ರಾಕೊನಜೋಲ್‌ನಂಥ ಫಂಗಸ್ ಔಷಧಗಳು) ಸಾಲದಾದಾಗ ಡಾಕ್ಟರರು ಆಂಫೊಟೆರಿಸಿನ್ ಬಿ ಬರೆಯಬಹುದು. ಸಾಮಾನ್ಯ ಆಂಫೊಟೆರಿಸಿನ್ 50 ಮಿ.ಗ್ರಾಂ ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ ಕರಗಿಸಿ, 5% ಡೆಕ್ಸ್‌ಟ್ರೋಸ್ 500 ಮಿ.ಲೀ.ಗೆ ಸೇರಿಸಿ. ನಾರ್ಮಲ್ ಸಲೈನ್ ತಾಗಿದರೆ ಔಷಧ ಗರಣೆ ಕಟ್ಟುತ್ತದೆ, ಆದ್ದರಿಂದ ಲೈನನ್ನೂ ಮೊದಲು ಡೆಕ್ಸ್‌ಟ್ರೋಸ್‌ನಿಂದಲೇ ತೊಳೆಯಿರಿ. 2ರಿಂದ 6 ಗಂಟೆ ಕಾಲ ನಿಧಾನವಾಗಿ ಬಿಡಿ; ನಡುಗಿಸುವ ಚಳಿ ಬಂದರೆ ನಿಲ್ಲಿಸಿ ಕರೆಯಿರಿ. ಮೂತ್ರದ ಪ್ರಮಾಣ, ಕ್ರಿಯಾಟಿನಿನ್, ಪೊಟ್ಯಾಶಿಯಂ, ಮೆಗ್ನೀಶಿಯಂ ಗಮನಿಸುತ್ತಿರಿ. ಪೊಟ್ಯಾಶಿಯಂ 3.5ಕ್ಕಿಂತ ಕೆಳಗಿದ್ದರೆ ಮುಂದಿನ ಬಾಟಲಿ ಏರಿಸುವ ಮೊದಲೇ ಡಾಕ್ಟರರಿಗೆ ಹೇಳಿ.